ಹುಳ ತಿಂದ ಸಾಲು

ಮಾಬುಬಿ ಬಂದು ಬಾಗಿಲಲ್ಲಿ ನಿಂತಾಗ ವೃಂದಾ ಆ ದಿನದ ಮೂವತ್ತೆಂಟನೆಯ ಪುಟಕ್ಕೆ ಹಸಿರು ಗುಂಡಿ ಒತ್ತುತ್ತಿದ್ದಳು. ಗಂಟೆ ಇನ್ನೂ ಹನ್ನೊಂದಾಗಿರಲಿಲ್ಲ.

"ವೃಂದಾ ಅನ್ನಾಕಿ ಯಾರು?"

ಐವತ್ತರ ಆಸುಪಾಸಿನ ಹೆಂಗಸು. ಕಾಲ ತುಂಬ ಎರೆಹೊಲದ ಧೂಳು. ಮೆಟ್ಟಿಲು ಹತ್ತಿ ಬಂದ ಏದುಸಿರು ಇನ್ನೂ ನಿಂತಿರಲಿಲ್ಲ.

"ನಾನೇ ರೀ. ಕೂಡ್ರಿ."

"ಕೂಡಾಕ ಬಂದಿಲ್ಲ ನಾ. ನಮ್ಮ ಬಾವಿಗೆ ಕೀಲಿ ಹಾಕಿಸಿದಾಕಿ ನೀನೇ ಏನು?"

ವೃಂದಾಗೆ ತಲೆಬುಡ ತಿಳಿಯಲಿಲ್ಲ. ಮಾಬುಬಿ ಕೈಚೀಲದಿಂದ ಒಂದು ಝೆರಾಕ್ಸ್ ಪ್ರತಿ ತೆಗೆದು ಟೇಬಲ್ಲಿನ ಮೇಲೆ ಬಡಿದಳು. "ಗೊಳಸಂಗಿಯಿಂದ ಬಂದೇನಿ. ನನಗ ಓದಾಕ ಬರೂದಿಲ್ಲ. ಆದ್ರ ಕೆಳಗ ನಿನ್ನ ಹೆಸರೈತಿ ಅಂತ ಊರ ಮಂದಿಯೆಲ್ಲಾ ಓದಿ ಹೇಳ್ಯಾರ."

ನಿಜ. ಕೆಳಗೆ ಅವಳು ದುಡಿಯುವ ಕೇಂದ್ರದ ಸಿಕ್ಕಾ, ಅಂದರೆ ಮೊಹರು, ಇತ್ತು. ಅದರ ಪಕ್ಕದಲ್ಲಿ 'ಪರಿಶೀಲಿಸಿದವರು' ಎಂಬಲ್ಲಿ ಅವಳದೇ ಸಹಿ ಇತ್ತು.

ಶ್ರೀವಲ್ಲಭ ತರ್ಜುಮೆ ಕೇಂದ್ರ ಬಸವನ ಬಾಗೇವಾಡಿಯಲ್ಲಿ ಒಂದು ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಈ ಸೀಮೆಯ ಹೊಲ, ಮನೆ, ಬಾವಿಗಳ ಹಳೆಯ ಕಾಗದಗಳು ಬಹಳಷ್ಟು ಮೋಡಿ ಲಿಪಿಯಲ್ಲಿವೆ. ಮುಂಬಯಿ ಸರ್ಕಾರದ ಕಾಲದಲ್ಲಿ ಮರಾಠಿಯನ್ನು ಲೇಖಣಿ ಎತ್ತದೆ ಓಡಿಸಿಕೊಂಡು ಬರೆಯುತ್ತಿದ್ದ ಲಿಪಿ ಅದು. ಒಂದು ಶಬ್ದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಸುರುವಾಯಿತು ಎಂಬುದು ಬಲ್ಲವರಿಗಷ್ಟೇ ಗೊತ್ತಾಗುತ್ತದೆ. ಇಂಡಿಯಿಂದ, ಸಿಂದಗಿಯಿಂದ, ಮುದ್ದೇಬಿಹಾಳದಿಂದ ವಕೀಲರು ಕಕ್ಷಿದಾರರನ್ನು ಇಲ್ಲಿಗೆ ಕಳಿಸುತ್ತಿದ್ದರು. ಕೇಂದ್ರದವರು ಓದಿ, ಕನ್ನಡಕ್ಕೆ ಇಳಿಸಿ, ಸಿಕ್ಕಾ ಒತ್ತಿ ಕೊಡುತ್ತಿದ್ದರು.

ವೃಂದಾಗೆ ಮೋಡಿ ಕಲಿಸಿದವಳು ಅತ್ತೆ ವೆಂಕೂಬಾಯಿ. ಆಕೆಯ ತಂದೆ ಕಾರಕೂನನಾಗಿದ್ದವನು. ಗಂಡುಮಕ್ಕಳು ಒಲ್ಲೆವೆಂದ ವಿದ್ಯೆಯನ್ನು ಮಗಳಿಗೆ ಕೊಟ್ಟಿದ್ದ. ಮಗಳು ಅದನ್ನು ಸೊಸೆಗೆ ಕೊಟ್ಟಳು. ಆ ಬಲದ ಮೇಲೆ ವೃಂದಾ ಹದಿನೈದು ವರ್ಷ ಕೇಂದ್ರದಲ್ಲಿ ದುಡಿದಳು. ಆಗ ನಾಲ್ಕು ಮಂದಿ ಓದುಗರಿದ್ದರು. ಒಬ್ಬೊಬ್ಬರಿಗೆ ದಿನಕ್ಕೆ ಆರು ಪುಟ ಆದರೆ ಹೆಚ್ಚು. ಒಂದು ಅಕ್ಷರಕ್ಕೆ ಅರ್ಧ ದಿನ ಜಗಳಾಡಿದ್ದೂ ಉಂಟು. ಬಗೆಹರಿಯದಿದ್ದರೆ ವೆಂಕೂಬಾಯಿಗೆ ಫೋನು. ಆಕೆಗೂ ಬಗೆಹರಿಯದಿದ್ದರೆ 'ಇಲ್ಲಿ ಓದಲಾಗಿಲ್ಲ' ಎಂದು ಬರೆದು ಗೆರೆ ಎಳೆಯುತ್ತಿದ್ದರು. ಹಾಗೆ ಬರೆಯುವುದಕ್ಕೆ ಯಾರಿಗೂ ನಾಚಿಕೆ ಇರಲಿಲ್ಲ.

ಎರಡು ವರ್ಷದ ಹಿಂದೆ ಕೇಂದ್ರದ ಮಾಲೀಕ ಶ್ರೀವಲ್ಲಭ ಕೃತಕ ಬುದ್ಧಿಮತ್ತೆಯ ತಂತ್ರಾಂಶ ತರಿಸಿದ. ಅವನು ವೃಂದಾಳಿಗಿಂತ ಆರು ವರ್ಷ ಚಿಕ್ಕವನು, ಗಂಡನ ಕಡೆಯಿಂದ ದೂರದ ಸಂಬಂಧಿ. "ವೃಂದಕ್ಕಾ, ಕಾಲ ಬದಲಾಗೇದ," ಎಂದ. "ಕಲಿತವರು ಉಳೀತಾರ. ಒಲ್ಲೆ ಅಂದವರು ಮನೀಗೆ ಹೋಗ್ತಾರ."

ವೃಂದಾ ಒಲ್ಲೆ ಎನ್ನುವವಳಲ್ಲ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ವಿಜಯಪುರಕ್ಕೆ ಹದಿನೈದು ದಿನ ಓಡಾಡಿ ಕಂಪ್ಯೂಟರ್ ಕಲಿತಳು. ಆಮೇಲೆ ಎಂಟು ತಿಂಗಳು ಹಳೆಯ ಕಾಗದಗಳ ಚಿತ್ರ ಎಡಕ್ಕಿಟ್ಟುಕೊಂಡು, ಸಾಲಿಗೆ ಸಾಲು, ಬಲಕ್ಕೆ ಕನ್ನಡ ಟೈಪು ಮಾಡಿದಳು. ಯಂತ್ರ ಅದನ್ನೆಲ್ಲ ನುಂಗಿ ಕಲಿಯಿತು. ಅದು ಮೊದಲ ಸಲ ಇಡೀ ಪುಟವನ್ನು ತಪ್ಪಿಲ್ಲದೆ ಓದಿದ ದಿನ ವೃಂದಾ ಎಲ್ಲರಿಗೂ ಪೇಡೆ ಹಂಚಿದಳು. ಅದೇ ತಿಂಗಳ ಕೊನೆಗೆ ಉಳಿದ ಮೂವರನ್ನು ಕೆಲಸದಿಂದ ಬಿಡಿಸಿದರು. ಅವರಲ್ಲಿ ಪರಮಾನಂದ ಎಲ್ಲರಿಗಿಂತ ಒಳ್ಳೆಯ ಓದುಗ. ಈಗ ಮುದ್ದೇಬಿಹಾಳದಲ್ಲಿ ಬೈಕು ಮಾರುವ ಅಂಗಡಿಯೊಂದರಲ್ಲಿ ಅರ್ಜಿ ತುಂಬಿಸುತ್ತಾನೆ. ಹೋಗುವಾಗ ಅವನು, "ಅಕ್ಕಾರ, ನೀವರ ಉಳದ್ರಿ. ಚಲೋ ಆತು," ಎಂದಿದ್ದ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಉಳಿದ ವೃಂದಾಗೆ 'ಪರಿಶೀಲಕಿ' ಎಂಬ ಹೆಸರು ಕೊಟ್ಟರು. ಯಂತ್ರ ಓದಿದ್ದನ್ನು ನೋಡಿ ಹಸಿರು ಗುಂಡಿ ಒತ್ತುವುದು ಕೆಲಸ. ದಿನಕ್ಕೆ ನೂರಿಪ್ಪತ್ತು ಪುಟ. ಒಂದು ಪುಟಕ್ಕೆ ತೊಂಬತ್ತು ಸೆಕೆಂಡು ದಾಟಿದರೆ ಪರದೆಯ ಅಂಚಿನಲ್ಲಿ ಕೆಂಪು ಗೆರೆ ಮಿಣುಕುತ್ತಿತ್ತು. ಅವಳ ಸಹಿಯನ್ನು ಒಂದು ಸಲ ಫೋಟೊ ಹೊಡೆದುಕೊಂಡಿದ್ದರು. ಗುಂಡಿ ಒತ್ತಿದರೆ ಅದು ತಾನೇ ಹೋಗಿ ಪುಟದ ಕೆಳಗೆ ಕೂಡುತ್ತಿತ್ತು.

ಇಷ್ಟು ಹೊತ್ತಿಗೆ ಮಾಬುಬಿ ಕುಳಿತಿದ್ದಳು. ವೃಂದಾ ಕೊಟ್ಟ ನೀರನ್ನು ಮುಟ್ಟದೆಯೇ ಸಂಗತಿ ಹೇಳಿದಳು. ಅವಳ ಗಂಡ ನಬಿಸಾಬನ ಹೊಲಕ್ಕೂ ಶ್ರೀಶೈಲಪ್ಪನ ಹೊಲಕ್ಕೂ ಒಂದೇ ಬದು. ಬಾವಿ ಇರುವುದು ಶ್ರೀಶೈಲಪ್ಪನ ಹೊಲದಲ್ಲಿ. ಅಜ್ಜ ಮುತ್ತಜ್ಜರ ಕಾಲದಿಂದ ಇಬ್ಬರೂ ನೀರು ಹಾಯಿಸಿಕೊಂಡು ಬಂದವರು. ಈ ವರ್ಷ ಮಳೆ ಹಿಂದೆಬಿತ್ತು, ಉಳ್ಳಾಗಡ್ಡಿ ಸಸಿ ಹಚ್ಚಿಯಾಗಿತ್ತು, ನೀರಿನ ಸಲುವಾಗಿ ಮಾತಿಗೆ ಮಾತು ಬೆಳೆಯಿತು. ಊರ ಹಿರಿಯರು, ಹಳೆಯ ಕಾಗದ ಏನು ಹೇಳುತ್ತದೋ ಹಾಗೆ ನಡೆಯಿರಿ ಎಂದರು. ಇಬ್ಬರೂ ಒಪ್ಪಿದರು. ಶ್ರೀಶೈಲಪ್ಪ ತನ್ನ ಮನೆಯಲ್ಲಿದ್ದ ಸಾವಿರದ ಒಂಬೈನೂರಾ ಒಂಬತ್ತರ ಕರಾರುಪತ್ರವನ್ನು ಈ ಕೇಂದ್ರಕ್ಕೆ ತಂದು ಓದಿಸಿದ. ನಬಿಸಾಬನ ಮುತ್ತಜ್ಜ ಹುಸೇನಸಾಬನ ವಾರಸುದಾರರಿಗೆ ಬಾವಿಯ ಮೇಲೆ ಯಾವ ಹಕ್ಕೂ ಇಲ್ಲ ಎಂದು ಬಂತು.

"ಒಂಬತ್ತ ದಿನ ಆತು ಪಂಪಿಗೆ ಕೀಲಿ ಬಿದ್ದು," ಎಂದಳು ಮಾಬುಬಿ. "ಅರ್ಧ ಸಸಿ ಸುಟ್ಟ ಹೋತು. ನನ್ನ ಗಂಡ ಊರಾಗ ತಲಿ ಎತ್ತಂಗಿಲ್ಲ. ಅವನ ಮುತ್ಯಾ ಕಳ್ಳನೀರು ಕುಡದು ಬದುಕಿದವಾ ಅಂತ ಆಡ್ಕೊಳ್ಳಾಕತ್ತಾರ ಮಂದಿ. ನೀ ಖರೇ ಓದಿದ್ರ ನನ್ನ ಮುಂದ ಇನ್ನೊಮ್ಮೆ ಓದು. ಕೇಳ್ತೇನಿ."

ವೃಂದಾ ಪರದೆಯ ಮೇಲೆ ಆ ಪುಟ ಹುಡುಕಿ ತೆಗೆದಳು.

ಎಡಗಡೆ ಕಾಗದದ ಚಿತ್ರ. ಒಂಬತ್ತನೆಯ ಸಾಲಿನ ಕೊನೆಗೆ ಒಂದು ತೂತು, ಬೆರಳು ತೂರುವಷ್ಟು ದೊಡ್ಡದು. ಹುಳ ತಿಂದಿತ್ತು. ಬಲಗಡೆ ಯಂತ್ರ ಬರೆದ ಕನ್ನಡ. ಅದರಲ್ಲಿ ತೂತಿನ ಸುಳಿವೇ ಇಲ್ಲ. 'ಸದರ ಬಾವಿಯ ಮೇಲೆ ಹುಸೇನಸಾಬನಿಗೂ ಅವನ ವಂಶಸ್ಥರಿಗೂ ಇನ್ನು ಮುಂದೆ ಯಾವ ಹಕ್ಕುಸಂಬಂಧವೂ ಉಳಿದಿರುವುದಿಲ್ಲ.' ಸಾಲು ನುಣ್ಣಗೆ, ಅಡೆತಡೆಯಿಲ್ಲದೆ ಹರಿದಿತ್ತು.

ಆ ಸಾಲನ್ನು ವೃಂದಾ ಗುರುತು ಹಿಡಿದಳು. ಅದು ಅವಳದೇ ಸಾಲು. ಖರೇದಿ ಪತ್ರಗಳ ಕೊನೆಗೆ ಹೊಲ ಮಾರಿದವನು ಬರೆದುಕೊಡುವ ಮಾತನ್ನು ಅವಳು ಯಾವಾಗಲೂ ಹೀಗೇ ಕನ್ನಡಕ್ಕೆ ತರುತ್ತಿದ್ದಳು. ಪರಮಾನಂದ 'ಹಕ್ಕು' ಎಂದಷ್ಟೇ ಬರೆಯುತ್ತಿದ್ದ, ಅವಳು 'ಹಕ್ಕುಸಂಬಂಧ' ಎನ್ನುತ್ತಿದ್ದಳು. ಆ ಎಂಟು ತಿಂಗಳಲ್ಲಿ ಸಾವಿರ ಸಲವಾದರೂ ಟೈಪು ಮಾಡಿರಬೇಕು. ಯಂತ್ರಕ್ಕೆ ತೂತು ಸಿಕ್ಕಿತು. ಅವಳ ಮಾತನ್ನೇ ತಂದು ಅದರೊಳಗೆ ತುಂಬಿತು.

ಪುಟದ ಮೂಲೆಯಲ್ಲಿ ಅವಳು ನೋಡಿದ ಸಮಯವೂ ದಾಖಲಾಗಿತ್ತು. ನಲವತ್ತೊಂದು ಸೆಕೆಂಡು.

ಅವಳ ಮುಖ ಬಿಸಿಯಾಯಿತು. ಯಾರಿಗಾದರೂ ಹೊಡೆಯಬೇಕು ಅನ್ನಿಸಿತು, ಮೊದಲು ತನಗೇ.

"ನಾ ಓದಿಲ್ರೀ," ಎಂದಳು. "ಸಹಿ ಮಾಡೇನಿ, ಓದಿಲ್ಲ."

ಮಾಬುಬಿ ಬೈಯುತ್ತಾಳೆ ಎಂದುಕೊಂಡಳು. ಅವಳು ಬೈಯಲಿಲ್ಲ. ವೃಂದಾಳನ್ನೇ ದಿಟ್ಟಿಸಿ ನೋಡಿ, "ನಾ ಓದಾಕ ಬರಲಾರದಾಕಿ," ಎಂದಳು. "ನೀ ಓದಾಕ ಬಂದೂ ಓದಲಾರದಾಕಿ."

ವೃಂದಾ ಎದ್ದು ಒಳಗಿನ ಕೋಣೆಗೆ ಹೋದಳು. ಶ್ರೀವಲ್ಲಭ ಫೋನಿನಲ್ಲಿದ್ದ. ಅವಳು ಪ್ರತಿಯನ್ನು ಅವನ ಮುಂದೆ ಎಸೆದು, ಫೋನು ಇಡು ಎಂದು ಸನ್ನೆ ಮಾಡಿದಳು. ಹದಿನೇಳು ವರ್ಷದಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು. ಅವನು ಫೋನು ಇಟ್ಟ. ಸಂಗತಿ ಕೇಳಿ, ತನ್ನ ಪರದೆಯ ಮೇಲೆ ಕಾಗದದ ಚಿತ್ರ ತೆಗೆದು ನೋಡಿದ.

"ನೂರಕ್ಕ ತೊಂಬತ್ತೇಳು ಕರೆಕ್ಟ್ ಓದ್ತದ ಅಕ್ಕಾ ಅದು. ಮನಷ್ಯಾನ ಕಿಂತ ಚಲೋ."

"ಉಳಿದ ಮೂರು ಯಾರ ಬಾವಿ?"

"ಹಂಗ ಮಾತಾಡಬ್ಯಾಡ. ತಪ್ಪು ಹಿಡೀಲಿಕ್ಕೆ ನಿನ್ನ ಕೂಡಿಸೇನಿ. ಸಹಿ ನಿಂದು, ನಂದಲ್ಲ."

"ನೂರಾ ಇಪ್ಪತ್ತು ಪುಟ ಕೊಟ್ಟು, ತೊಂಬತ್ತು ಸೆಕೆಂಡಿಗೆ ಕೆಂಪು ಗೆರಿ ಎಳದು, ತಪ್ಪು ಹಿಡಿ ಅಂದ್ರ ಹೆಂಗ ಹಿಡೀಲಿ? ನನ್ನ ಇಟ್ಟದ್ದು ಹಿಡೀಲಿಕ್ಕಲ್ಲ ವಲ್ಲಭಾ. ತಪ್ಪು ಆದಾಗ ತೋರಸ್ಲಿಕ್ಕೆ ಒಂದು ಹೆಸರು ಬೇಕಾಗಿತ್ತು. ಅದಕ್ಕ ಇಟ್ಟಿ. ನಾಳೆ ಗೊಳಸಂಗಿಗೆ ಹೋಗಿ ಮೂಲ ಕಾಗದ ಓದೇ ಬರ್ತೇನಿ."

ಅವನು ದನಿ ಇಳಿಸಿದ. ಆ ಹೆಂಗಸಿಗೆ 'ಒಂಬತ್ತನೆಯ ಸಾಲು ಅಸ್ಪಷ್ಟ' ಎಂದು ಹೊಸ ಪ್ರತಿ ಕೊಟ್ಟು ಕಳಿಸೋಣ, ನೀನು ಗೊಳಸಂಗಿಗೆ ಹೋಗಬೇಡ ಎಂದ. ಹೋದರೆ ಸುದ್ದಿಯಾಗುತ್ತದೆ, ಸಿಂದಗಿಯವರು, ಇಂಡಿಯವರು, ಎಲ್ಲರೂ ತಮ್ಮ ತಮ್ಮ ಕಾಗದ ತಂದು ಮುಂದೆ ನಿಲ್ಲುತ್ತಾರೆ. "ಸಿಂದಗಿಯೊಳಗ ಹೊಸ ಶಾಖಾ ತಗೀಲಿಕ್ಹತ್ತೇನಿ. ಅದಕ್ಕ ನೀನೇ ಮುಖ್ಯಸ್ಥೆ. ವಿಚಾರ ಮಾಡು."

"ಬರ್ಲಿ, ಎಲ್ಲಾರೂ ಬರ್ಲಿ," ಎಂದಳು ವೃಂದಾ. ಹೊರಡುವಾಗ ಬಾಗಿಲನ್ನು ಎಷ್ಟು ಜೋರಾಗಿ ಎಳೆದಳೆಂದರೆ ಕೆಳಗಿನ ಗೊಬ್ಬರದ ಅಂಗಡಿಯವನು ಹೊರಗೆ ಬಂದು ಮೇಲೆ ನೋಡಿದ.

ಮಧ್ಯಾಹ್ನ ಮನೆಯಲ್ಲಿ, ಕೇಂದ್ರದಿಂದ ತಂದಿದ್ದ ಆ ಕಾಗದದ ಚಿತ್ರದ ಪ್ರತಿಯನ್ನು ಅತ್ತೆಗೆ ತೋರಿಸಿದಳು. ವೆಂಕೂಬಾಯಿಗೆ ಎಪ್ಪತ್ತೊಂಬತ್ತು. ಒಂದು ಕಣ್ಣು ಮಂಜು. ಭೂತಗನ್ನಡಿ ಹಿಡಿದು ಒಂಬತ್ತನೆಯ ಸಾಲನ್ನು ಮೂಸಿ ನೋಡುವವಳಂತೆ ನೋಡಿದಳು. ಹತ್ತನೆಯ ಸಾಲಿನ ಮೊದಲಿಗೆ ಬಂದು ಉಗುರಿನಿಂದ ಕುಟ್ಟಿದಳು.

"ಇದೇನದ?"

ವೃಂದಾ ನೋಡಿದಳು. "ದಿವಸ," ಎಂದಳು. ಯಂತ್ರದ ಕನ್ನಡದಲ್ಲಿ ಆ ಶಬ್ದವೇ ಇರಲಿಲ್ಲ. ತಾನು ತುಂಬಿದ ಸಾಲಿಗೆ ಹೊಂದದ ಶಬ್ದವನ್ನು ಅದು ಬಿಟ್ಟುಬಿಟ್ಟಿತ್ತು.

"ಹಕ್ಕಿಲ್ಲ ಅಂತ ಬರದವರು ದಿವಸ ಯಾಕ ಎಣಿಸ್ತಾರ?" ವೆಂಕೂಬಾಯಿ ಕನ್ನಡಿ ಕೆಳಗಿಟ್ಟಳು. "ನಾ ನಿನಗ ಓದ್ಲಿಕ್ಕೆ ಕಲಿಸಿದ್ದೆ ವೃಂದಾ. ಗುಂಡಿ ಒತ್ತಲಿಕ್ಕೆ ಕಲಿಸಿದವರು ಯಾರು?"

"ಹೊಟ್ಟಿಪಾಡು ಅತ್ಯಾರ."

"ಹೊಟ್ಟಿಪಾಡು ಎಲ್ಲಾರಿಗೂ ಅದ. ಆ ಗೊಳಸಂಗಿಯಾಕಿಗೂ ಅದ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ವೃಂದಾ ಗೊಳಸಂಗಿಗೆ ಹೋದಳು. ಅವಳು ಹೇಳಿ ಕಳಿಸಿದ್ದಂತೆ ಮಾಬುಬಿ ಹಿರಿಯರನ್ನು ಶ್ರೀಶೈಲಪ್ಪನ ಮನೆಯ ಕಟ್ಟೆಯ ಮೇಲೆ ಸೇರಿಸಿದ್ದಳು. ನಬಿಸಾಬ ದೂರದಲ್ಲಿ ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತಿದ್ದ. ಶ್ರೀಶೈಲಪ್ಪ ಅರವತ್ತು ದಾಟಿದ, ಸಿಡುಕು ಮೋರೆಯ ರೈತ; ಆದರೂ ಕೇಳಿದ ಕೂಡಲೇ ಒಳಗೆ ಹೋಗಿ ಅರಿವೆಯಲ್ಲಿ ಸುತ್ತಿದ್ದ ಮೂಲ ಕಾಗದ ತಂದುಕೊಟ್ಟ.

ವೃಂದಾ ಮೊದಲ ಸಾಲಿನಿಂದ ಓದಿದಳು. ಮರಾಠಿಯಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ. ಯಾವ ಗಡಿಯಾರವೂ ಇಲ್ಲದೆ, ವರ್ಷಕ್ಕೂ ಮೇಲಾದ ಬಳಿಕ, ಒಂದೊಂದು ಅಕ್ಷರದ ಮೇಲೆ ಕಣ್ಣಿಟ್ಟು ಓದಿದಳು. ಒಂಬತ್ತನೆಯ ಸಾಲಿಗೆ ಬಂದು ನಿಂತಳು. ಕಾಗದ ಎತ್ತಿ ಬಿಸಿಲಿಗೆ ಹಿಡಿದಳು. ತೂತಿನಿಂದ ಇಳಿದ ಬಿಸಿಲು ಶ್ರೀಶೈಲಪ್ಪನ ಅಂಗಿಯ ಮೇಲೆ ಬಿತ್ತು.

"ಇಲ್ಲಿ ಅಕ್ಷರ ಇಲ್ರೀ. ಹುಳಾ ತಿಂದದ. ನಿಮಗ ಕೊಟ್ಟ ಪ್ರತಿಯೊಳಗ ಇರೋ ಸಾಲು ಈ ಕಾಗದದಾಗ ಎಲ್ಲೂ ಇಲ್ಲ."

"ಹಂಗಾರ ಇಲ್ಲಿ ಏನಿತ್ತು?" ಹಿರಿಯರಲ್ಲಿ ಒಬ್ಬರು ಕೇಳಿದರು.

"ಗೊತ್ತಿಲ್ರೀ."

"ನಿಮ್ಮ ಮಷಿನ್ನಿಗೆ ಗೊತ್ತಾಗೈತಲ್ಲ?"

"ಅದಕ್ಕೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನೂದು ಅದಕ್ಕ ಬರೂದಿಲ್ಲ. ನನಗ ಬರ್ತಿತ್ತು. ನಾ ಬಾಯಿ ಮುಚ್ಚಿಕೊಂಡು ಕೂತೆ." ಅವಳು ಬೆರಳನ್ನು ಹತ್ತನೆಯ ಸಾಲಿನ ಮೇಲಿಟ್ಟಳು. "ಆದ್ರ ಇಲ್ಲಿ ದಿವಸ ಅಂತ ಅದ. ತೂತಿನ ಮುಂಚೆ ಹುಸೇನಸಾಬನ ಹೆಸರು, ತೂತು ದಾಟಿದ ಮ್ಯಾಲೆ ದಿವಸ. ಎಷ್ಟು ದಿವಸ ಅಂತ ನಾ ಹೇಳಂಗಿಲ್ಲ. ಹೇಳಿದ್ರ ನಾನೂ ಮಷಿನ್ನಿನಂಗ ಸುಳ್ಳು ಹೇಳಿಧಂಗ ಆಗ್ತದ."

ಶ್ರೀಶೈಲಪ್ಪ ಕಾಗದ ಇಸಕೊಂಡು, ಓದಲು ಬಾರದಿದ್ದರೂ, ತೂತನ್ನು ಬಹಳ ಹೊತ್ತು ನೋಡಿದ.

"ಪಾಳಿ," ಎಂದ ಕೊನೆಗೆ. "ನಮ್ಮಪ್ಪ ನಾಕ ದಿವಸದ ಪಾಳಿ ಅಂತಿದ್ದ, ನಾಕ ದಿವಸ ನಮಗ, ನಾಕ ದಿವಸ ಅವರಿಗೆ. ಕಾಗದ ಬ್ಯಾರೆ ಹೇಳ್ತೈತಿ ಅಂದಾಗ ಅಪ್ಪಗ ತಿಳಿದಿರಾಕಿಲ್ಲ ಅಂದುಕೊಂಡೆ." ಅವನು ತಲೆ ಎತ್ತಿದ. ಕಣ್ಣು ಕೆಂಪಾಗಿದ್ದವು. "ಏನ್ರಿ ಬಾಯಾರ, ನಿಮ್ಮ ಸಿಕ್ಕಾ ನಂಬಿ ನಮ್ಮಪ್ಪನ ಮಾತು ಸುಳ್ಳ ಮಾಡಿದೆನಲ್ಲ ನಾ! ಹುಟ್ಟಿದಾಗಿಂದ ಕೂಡಿ ಆಡಿದ ನಬ್ಯಾಗ ಕಳ್ಳಾ ಅಂದೆ, ಈ ಬಾಯಿಲೆ! ನಿಮಗ ಇದು ಒಂದು ಪುಟ!"

ವೃಂದಾ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ತಪ್ಪಿಸಿಕೊಂಡಂತೆ ಎನಿಸಿತು. "ಬೈರಿ," ಎಂದಳು. "ನನಗೂ ಬೈರಿ, ನನ್ನ ಮಾಲೀಕಗೂ ಬೈರಿ."

ಹೊತ್ತು ಏರುವುದರೊಳಗೆ ಶ್ರೀಶೈಲಪ್ಪ ತಾನೇ ಹೋಗಿ ಪಂಪಿನ ಕೀಲಿ ತೆಗೆದು, ಕೀಲಿಕೈಯನ್ನು ನಬಿಸಾಬನ ಅಂಗಿಯ ಕಿಸೆಗೆ ಹಾಕಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾಬುಬಿ ವೃಂದಾಳನ್ನು ಬಸ್ಸಿನವರೆಗೆ ಕಳಿಸಲು ಬಂದಳು. ದಾರಿಯಲ್ಲಿ ಅವಳ ಹೊಲ ಸಿಕ್ಕಿತು. ಅರ್ಧ ಹಸಿರು, ಅರ್ಧ ಒಣಗಿದ ಹುಲ್ಲಿನ ಬಣ್ಣ.

"ನೀರ ಬಂತು ಬಾಯಾರ. ಒಣಗಿದ್ದು ಬರೂದಿಲ್ಲ," ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಬಸ್ಸು ಬಂದಾಗ ಕೈ ಮಾತ್ರ ತೋರಿಸಿ ನಿಲ್ಲಿಸಿಕೊಟ್ಟಳು.

ವೃಂದಾ ನೇರ ಕೇಂದ್ರಕ್ಕೆ ಬಂದಳು. ತಾನು ಪರಿಶೀಲಿಸಿದ ಪುಟಗಳಲ್ಲಿ ಹರಿದದ್ದು, ಹುಳ ತಿಂದದ್ದು ಎಷ್ಟಿವೆಯೋ ಅಷ್ಟನ್ನೂ ತೆಗೆದು ಮತ್ತೆ ಓದಬೇಕು, ಕಾಗದ ಒಯ್ದವರಿಗೆಲ್ಲ ತಿಳಿಸಬೇಕು ಎಂದಳು. ಶ್ರೀವಲ್ಲಭ ಆಗಲೇ ಅವಳ ಪಾಸ್‌ವರ್ಡ್ ಬದಲಿಸಿದ್ದ. "ನೀ ಇನ್ನ ಮನಿಯೊಳಗ ಆರಾಮ ಇರಕ್ಕಾ," ಎಂದ, ಮುಖ ನೋಡದೆ.

ಅವಳು ಆರಾಮ ಇರಲಿಲ್ಲ. ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಒಂದು ಹಸ್ತಪತ್ರಿಕೆ ಬರೆದು ಛಾಪಿಸಿದಳು. 'ನನ್ನ ಸಹಿ ಇರುವ ಮೋಡಿ ತರ್ಜುಮೆಗಳಲ್ಲಿ ನಾನು ಓದದೆ ಸಹಿ ಬಿದ್ದಂಥವು ಬಹಳ ಇವೆ. ಮೂಲ ಕಾಗದ ತಂದವರಿಗೆ ಕೂತು ಓದಿ ಹೇಳುತ್ತೇನೆ.' ಕೆಳಗೆ ಹೆಸರು, ಫೋನ್ ನಂಬರು. ಅದನ್ನು ಹಿಡಿದು ಇಂಡಿಗೆ, ಸಿಂದಗಿಗೆ, ಮುದ್ದೇಬಿಹಾಳಕ್ಕೆ ಬಸ್ಸು ಹತ್ತಿದಳು. ವಕೀಲರು ಕೂಡುವ ಗಿಡದ ನೆರಳಿನಲ್ಲಿ, ಚಹದಂಗಡಿಗಳಲ್ಲಿ ಹಂಚಿದಳು. ಇಂಡಿಯಲ್ಲಿ ಒಬ್ಬ ವಕೀಲ ಅದನ್ನು ಅವಳ ಎದುರಿಗೇ ಹರಿದು, "ಮುಗಿದ ಕೇಸು ಎಬ್ಬಸ್ತೀರೇನ್ರಿ?" ಎಂದ. "ಎಬ್ಬಸ್ತೇನಿ," ಎಂದು ಇನ್ನೊಂದು ಪ್ರತಿ ಕೊಟ್ಟಳು.

ಮುದ್ದೇಬಿಹಾಳದಲ್ಲಿ ಪರಮಾನಂದ ಹಸ್ತಪತ್ರಿಕೆಯನ್ನು ಎರಡು ಸಲ ಓದಿದ.

"ನೀವು ಹೋದಾಗ ನಾ ಒಂದು ಮಾತು ಆಡ್ಲಿಲ್ಲ," ಎಂದಳು ವೃಂದಾ.

"ಆಡಿದ್ರ ನಿಮ್ಮನ್ನೂ ಬಿಡಸ್ತಿದ್ರು."

"ಬಿಡಸ್ಲಿ. ಆಡಬೇಕಾಗಿತ್ತು."

ಅವನು ಹಸ್ತಪತ್ರಿಕೆ ಮಡಚಿ ಕಿಸೆಗಿಟ್ಟು, ರವಿವಾರ ತನಗೆ ಸೂಟಿ ಇರುತ್ತದೆ, ಅವತ್ತು ಬಂದು ಓದಲು ಕೂಡುತ್ತೇನೆ ಎಂದ.

ಜನ ಅವಳ ಮನೆಗೆ ಬಂದರು. ಮೊದಲ ತಿಂಗಳು ಹನ್ನೊಂದು ಮಂದಿ, ಎರಡನೆಯ ತಿಂಗಳು ಮೂವತ್ತಕ್ಕೂ ಮೇಲೆ. ಬಹಳಷ್ಟು ಕಾಗದಗಳಲ್ಲಿ ಯಂತ್ರ ಸರಿಯಾಗಿಯೇ ಓದಿತ್ತು. ಅದನ್ನೂ ವೃಂದಾ ಮುಚ್ಚಿಡದೆ ಹೇಳಿದಳು, ಹೇಳುವಾಗ ಹಲ್ಲು ಕಚ್ಚಿದಳು. ಹೌದು, ಚೆನ್ನಾಗಿಯೇ ಕಲಿಸಿದ್ದಳು ತಾನು. ಆರು ಕಾಗದಗಳಲ್ಲಿ ಮಾತ್ರ ಇಲ್ಲದ ಸಾಲು ಇತ್ತು. ಇಂಗಳೇಶ್ವರದ ಒಂದು ಮನೆ ಆ ಸುಳ್ಳು ಸಾಲಿನ ಮೇಲೆಯೇ ಎರಡು ಭಾಗವಾಗಿ, ನಡುವೆ ಗೋಡೆಯೂ ಎದ್ದಿತ್ತು. ಅಲ್ಲಿಯ ಅಣ್ಣತಮ್ಮಂದಿರು ಗೋಡೆ ಕೆಡವಲು ಒಪ್ಪಲಿಲ್ಲ.

ವಕೀಲರು ನಿಧಾನಕ್ಕೆ ಕೇಂದ್ರದ ಪ್ರತಿಗಳನ್ನು ಹಿಂದಕ್ಕೆ ಕಳಿಸತೊಡಗಿದರು. ಮಸಿಯ ಸಹಿ ಬೇಕು, ಓದಿದವರು ಕರೆದಾಗ ಬಂದು ನಿಲ್ಲಬೇಕು ಎಂದರು. ದೀಪಾವಳಿಯ ಹಿಂದಿನ ವಾರ ಶ್ರೀವಲ್ಲಭ ಮನೆಗೇ ಬಂದ. ವೆಂಕೂಬಾಯಿ ಅವನಿಗೆ ಚಹ ಕೊಡಿಸಿ ಒಳಗೆ ಹೋದಳು.

"ವಾಪಸ್ ಬಾರಕ್ಕಾ. ದಿನಕ್ಕ ಇಪ್ಪತ್ತು ಪುಟ. ಗಡಿಯಾರ ತೆಗಸ್ತೇನಿ. ಓದಲಿಕ್ಕೆ ಆಗದಿದ್ದಲ್ಲಿ ನೀ ಹೇಳಿಧಂಗ ಖಾಲಿ ಬಿಡೋಣ. ಪರಮಾನಂದನ್ನೂ ಕರೀ."

"ಹಳೀ ಗಿರಾಕಿಗಳಿಗೆಲ್ಲಾ ಪತ್ರಾ ಬರೀತಿ? ತಪ್ಪಾಗೇದ, ಕಾಗದ ತರ್ರಿ ಅಂತ?"

ಶ್ರೀವಲ್ಲಭ ಬಟ್ಟಲು ಕೆಳಗಿಟ್ಟ. "ಅದೊಂದು ಬಿಡು. ಅದನ್ನ ಬರದ್ರ ನಾ ಅಂಗಡಿ ಮುಚ್ಚಬೇಕಾಗ್ತದ."

"ಮುಚ್ಚು."

"ಅಕ್ಕಾ, ಇಷ್ಟು ಸಿಟ್ಟು ಚಲೋ ಅಲ್ಲ."

"ಚಲೋ ಅಲ್ಲ, ಖರೆ," ಎಂದಳು ವೃಂದಾ. "ಎರಡು ವರ್ಷ ಸಿಟ್ಟು ಬರಲಾರದ್ದಕ್ಕೇ ಇಷ್ಟೆಲ್ಲಾ ಆತು."

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ಹೊರಗೆ ಸಿಂದಗಿಯಿಂದ ಬಂದ ಗಂಡಹೆಂಡತಿ, ಹಳೆಯ ಕಾಗದದ ಸುರುಳಿ ಹಿಡಿದುಕೊಂಡು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದರು. ವೃಂದಾ ಅವರನ್ನು ಕರೆದು ಕೂಡಿಸಿದಳು. ನೆಲದ ಮೇಲೆ ಬಿಳಿ ಅರಿವೆ ಹಾಸಿ ಸುರುಳಿ ಬಿಚ್ಚಿದಳು. ಸಿಟ್ಟು ಇನ್ನೂ ಆರಿರಲಿಲ್ಲ. ಅದು ಇಳಿಯಲೆಂದು ಕಾಯದೆ, ಮೊದಲ ಸಾಲಿನ ಕೆಳಗೆ ಬೆರಳಿಟ್ಟು, ದನಿ ಎತ್ತಿ ಓದತೊಡಗಿದಳು.